ನಮ್ಮ ಡೇರಿಗೆ ಸುಳ್ಳು ಹಾಕಿದವರಿಗೆ

ವಿಶ್ವವಿದ್ಯಾಲಯದ ಸುಳ್ಳುಸುದ್ದಿ ಅಧ್ಯಯನ ಕೇಂದ್ರದ ಮಾನ್ಯ ನಿರ್ದೇಶಕರೇ,

ಸುಳ್ಳು ಹೇಗೆ ಹರಡುತ್ತದೆಂದು ತಿಳಿಯಲು ನೀವೇ ಒಂದು ಸುಳ್ಳು ಹುಟ್ಟಿಸಿ ನಮ್ಮೂರಿಗೆ ಬಿಟ್ಟಿರಿ. ಅದನ್ನು ನಂಬಬೇಡಿ ಎಂದು ಊರಿಗೆಲ್ಲ ಹೇಳಿದ ಹೆಣ್ಣುಮಗಳನ್ನೇ ನಿಮ್ಮ ವರದಿಯಲ್ಲಿ ‘ಸುಳ್ಳಿನ ಪ್ರಮುಖ ಪ್ರಸಾರಕಿ’ ಎಂದು ಬರೆದಿರಿ. ಆಕೆ ನನ್ನ ತಮ್ಮನ ಹೆಂಡತಿ ಜ್ಯೋತಿಲಕ್ಷ್ಮಿ, ನಮ್ಮ ಹಾಲಿನ ಡೇರಿಯ ಕಾರ್ಯದರ್ಶಿ. ನಿಮ್ಮ ದಯೆಯಿಂದ ಈಗ ಆಕೆಯ ಕೆಲಸ ಹೋಗುವುದರಲ್ಲಿದೆ.

ಚುನಾವಣೆಯ ಹೊತ್ತಿನಲ್ಲಿ ನಿಮ್ಮ ಸಂಶೋಧಕರಿಬ್ಬರು ನಮ್ಮೂರಿಗೆ ಬಂದಿದ್ದರು. ಹಳ್ಳಿಯ ಜನ ವಾಟ್ಸಾಪಿನಲ್ಲಿ ಏನು ಮಾತಾಡುತ್ತಾರೆಂದು ನೋಡಬೇಕು, ಡೇರಿ ಗ್ರೂಪಿಗೆ ಸೇರಿಸಿ ಎಂದರು. ಜ್ಯೋತಿಲಕ್ಷ್ಮಿ ಕಾಫಿ ಕೊಟ್ಟು ಸೇರಿಸಿದಳು. ಓದಿದ ಮಕ್ಕಳು, ನಮ್ಮ ಮಾತನ್ನು ಕೇಳುವುದಕ್ಕೆಂದೇ ಇಷ್ಟು ದೂರ ಬಂದಿದ್ದಾರಲ್ಲ ಎಂದು ನಮಗೂ ಒಂದಿಷ್ಟು ಹೆಮ್ಮೆಯಾಗಿತ್ತು. ಅದಾದ ಕೆಲವೇ ದಿನಕ್ಕೆ ಗುರುತಿಲ್ಲದ ನಂಬರಿನಿಂದ ನಮ್ಮ ಕೆಲವರ ಫೋನಿಗೆ ಸಂದೇಶ ಬಂತು. ಪಕ್ಷವೊಂದರ ಸಭೆಗೆ ಬಾರದ ಮನೆಗಳ ಹಾಲನ್ನು ಮುಂದಿನ ತಿಂಗಳಿಂದ ಡೇರಿ ತೆಗೆದುಕೊಳ್ಳುವುದಿಲ್ಲವಂತೆ. ಅಚ್ಚ ಕನ್ನಡದಲ್ಲಿತ್ತು, ಒಂದು ಕಾಗುಣಿತವೂ ತಪ್ಪಿರಲಿಲ್ಲ. ನಮ್ಮ ಅನುಮಾನ ಅಲ್ಲಿಂದಲೇ ಶುರುವಾಯಿತೆನ್ನಿ.

ನಮ್ಮಲ್ಲೊಂದು ರೂಢಿಯಿದೆ. ಫೋನಿಗೆ ಏನೇ ಬಂದರೂ ಅದನ್ನು ಡೇರಿ ಗ್ರೂಪಿಗೆ ಹಾಕುತ್ತೇವೆ. ನಂಬಿದ್ದಕ್ಕಲ್ಲ, ನಾಲ್ಕು ಜನ ಪರೀಕ್ಷೆ ಮಾಡಲಿ ಎಂದು. ಬೆಳಿಗ್ಗೆ ಹಾಲಿನ ಸಾಲಿನಲ್ಲಿ ನಿಂತಾಗ ಅದರ ತೀರ್ಮಾನ. ಹಾಲಿಗೆ ನೀರು ಬೆರೆತಿದೆಯೇ ಎಂದು ನೋಡುವ ಜಾಗದಲ್ಲೇ ಸುದ್ದಿಗೆ ಬೆರೆತ ನೀರನ್ನೂ ನೋಡಿಬಿಡುತ್ತೇವೆ. ಜ್ಯೋತಿಲಕ್ಷ್ಮಿಯೂ ಅದನ್ನೇ ಮಾಡಿದಳು. ಸಂದೇಶವನ್ನು ಎಲ್ಲ ಬೀದಿಗಳ ಗ್ರೂಪಿಗೂ ಹಾಕಿ, ಅದರ ಕೆಳಗೇ ತನ್ನ ದನಿಯಲ್ಲಿ ಹೀಗೆ ಹೇಳಿದಳು: “ಇದು ಯಾರು ಕಳ್ಸಿದ್ರೋ ಗೊತ್ತಿಲ್ಲ ಕಣ್ರಪ್ಪ. ನಿಜಮಾ ಅಂತ ಚಿಂತಾಮಣಿಗೆ ಹೋಗೋರು ಯಾರಾದ್ರೂ ಹಾಲು ಒಕ್ಕೂಟದ ಆಫೀಸ್‌ನಲ್ಲಿ ಕೇಳ್ಕೊಂಡು ಬನ್ನಿ. ಅಲ್ಲಿವರ್ಗೂ ನಂಬಬೇಡಿ. ನಾನಂತೂ ಎಲ್ಲಾರ ಹಾಲೂ ತಗೋತೀನಿ.”

ನಿಮ್ಮ ಗಣಕಯಂತ್ರ ಆಕೆ ಸಂದೇಶ ಹಾಕಿದ್ದನ್ನು ಲೆಕ್ಕಕ್ಕೆ ಹಿಡಿಯಿತು. ಹೇಳಿದ ಮಾತು ಮಾತ್ರ ಅದಕ್ಕೆ ತಿಳಿಯಲಿಲ್ಲ. ಕನ್ನಡ ತೆಲುಗು ಕಲೆಸಿದ ನಮ್ಮ ನುಡಿಗೆ ನಿಮ್ಮ ವರದಿ ಇಟ್ಟ ಹೆಸರು ‘ಗುರುತಿಸಲಾಗದ ಭಾಷೆ’. ಆಕೆಯನ್ನೇ ಕರೆದು ಏನಮ್ಮಾ ಹೇಳಿದ್ದು ಎಂದು ಕೇಳಬಹುದಿತ್ತು. ಆದರೆ ಕೇಳಿ ತಿಳಿದರೆ ಅದು ಸಂಶೋಧನೆ ಹೇಗಾದೀತು? ಒಟ್ಟಿನಲ್ಲಿ, ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜನ ನಾವೆಂದು ತೀರ್ಮಾನಿಸಿದಿರಿ. ಸ್ವಾಮಿ, ಹಾಲು ಕರೆದು ಬದುಕುವವರು ನಾವು. ಎತ್ತು ಈಯುವುದಿಲ್ಲವೆಂದು ನಮಗೆ ಪಾಠ ಹೇಳಲು ಡಾಕ್ಟರೇಟ್ ಬೇಕೇ?

ಗೋಪ್ಯತೆಯ ಬಗ್ಗೆ ನಿಮ್ಮ ಕಾಳಜಿಯನ್ನಂತೂ ಮೆಚ್ಚಲೇಬೇಕು. ಆಕೆಯ ಹೆಸರನ್ನು ಮುಚ್ಚಿಟ್ಟು, ‘ಅಂಬಾಜಿದುರ್ಗದ ತಪ್ಪಲಿನ ಡೇರಿಯೊಂದರ ಮಹಿಳಾ ಕಾರ್ಯದರ್ಶಿ’ ಎಂದಷ್ಟೇ ಬರೆದಿದ್ದೀರಿ. ನಮ್ಮ ತಪ್ಪಲಿನಲ್ಲಿ ಅಂಥವಳು ಇರುವುದು ಇವಳೊಬ್ಬಳೇ. ವರದಿಯ ಆ ಒಂದು ಪುಟ ಊರಿಗೆ ಬಂದಿದ್ದೇ ತಡ, ಎರಡೂ ಪಕ್ಷದವರಿಗೆ ಹಬ್ಬ. ಇವರು ಆಕೆಯನ್ನು ಅವರ ಏಜೆಂಟ್ ಎಂದರು, ಅವರು ಇವರ ಏಜೆಂಟ್ ಎಂದರು. ಹುಟ್ಟಿದಾಗಿನಿಂದ ಯಾವುದಕ್ಕೂ ಒಪ್ಪದ ಈ ಎರಡು ಗುಂಪುಗಳು ಆಕೆ ಸುಳ್ಳಿ ಎಂಬುದಕ್ಕೆ ಮಾತ್ರ ಒಪ್ಪಿಬಿಟ್ಟವು. ಸಂಶೋಧನೆಯಿಂದ ಸಮಾಜದಲ್ಲಿ ಒಗ್ಗಟ್ಟು ಬೆಳೆಯುತ್ತದೆಂದರೆ ಇದೇ ಇರಬೇಕು.

ಡೇರಿಯ ಅಧ್ಯಕ್ಷ ಚೆನ್ನರಾಯಪ್ಪನವರು ಒಳ್ಳೆಯವರೇ. “ನಾನೇನ್ ಮಾಡ್ಲಮ್ಮಾ, ಯೂನಿವರ್ಸಿಟಿಯೋರೇ ಬರ್ದವ್ರೆ. ಮೊಹರು ಬೇರೆ ಐತೆ” ಎಂದು ಆಕೆಯನ್ನು ಮನೆಗೆ ಕಳಿಸಿದರು. ಮುಂದಿನ ಭಾನುವಾರ ಸರ್ವಸದಸ್ಯರ ಸಭೆಯಲ್ಲಿ ತೀರ್ಮಾನವಂತೆ. ಅಲ್ಲಿಯವರೆಗೆ ಆಕೆ ಡೇರಿಯ ಕಡೆ ಮುಖ ಹಾಕುವಂತಿಲ್ಲ. ನಮ್ಮ ಮನೆಯ ಹಾಲನ್ನು ನಾನೇ ಹೊತ್ತುಕೊಂಡು ಹೋಗುತ್ತೇನೆ. ನಿನ್ನೆ ಹೊರಟಾಗ ಬಾಗಿಲಲ್ಲಿ ನಿಂತು ಕೇಳಿದಳು: “ಭಾವ, ನಂಬಬೇಡಿ ಅಂದಿದ್ದು ನಾನೇ ಅಲ್ವಾ?”

ನಿಮ್ಮ ಕಚೇರಿಗೆ ಫೋನ್ ಮಾಡಿದೆ. “ಸ್ಪಷ್ಟನೆ ಕಳಿಸಿದ್ದೀವಲ್ಲ ಸರ್” ಎಂದರು. ಹೌದು, ಆ ಸಂದೇಶ ಪ್ರಯೋಗಕ್ಕೆಂದು ನೀವೇ ಬರೆದದ್ದೆಂದು ಒಪ್ಪಿ ಕಳಿಸಿದ್ದೀರಿ, ಇಂಗ್ಲಿಷಿನಲ್ಲಿ. ಸುಳ್ಳು ಹೇಳುವಾಗ ಅಷ್ಟು ಚೆನ್ನಾಗಿ ಬಂದ ಕನ್ನಡ ನಿಜ ಹೇಳುವಾಗ ಎಲ್ಲಿಗೆ ಹೋಯಿತು?

ಇನ್ನೊಂದು ವಿಷಯ, ನಿಮ್ಮ ಮುಂದಿನ ಪ್ರಬಂಧಕ್ಕೆ ಬೇಕಾದರೆ ಬಳಸಿಕೊಳ್ಳಿ. ನಿಮ್ಮ ಸುಳ್ಳು ಸಂದೇಶ ಬಂದಾಗ ಊರಿಡೀ ‘ನಿಜಾನಾ’ ಎಂದು ಕೇಳಿತ್ತು. ನಿಮ್ಮ ವರದಿ ಬಂದಾಗ ಯಾರೂ ಕೇಳಲಿಲ್ಲ, ಮೊಹರು ನೋಡಿ ನಂಬಿಬಿಟ್ಟರು. ನಮ್ಮೂರು ಪರೀಕ್ಷೆ ಮಾಡದೆ ಒಳಗೆ ಬಿಟ್ಟುಕೊಂಡಿದ್ದು ನಿಮ್ಮ ಮಾತೊಂದನ್ನೇ.

ಆದ್ದರಿಂದ ಭಾನುವಾರ ಬೆಳಿಗ್ಗೆ ನೀವೇ ಬನ್ನಿ. ಪ್ರತಿನಿಧಿ ಬೇಡ, ಪಿಡಿಎಫ್ ಬೇಡ. ಹಾಲಿನ ಸಾಲಿನ ಮುಂದೆ ನಿಂತು, ಆ ಸಂದೇಶವನ್ನು ಬರೆದವರು ನಾವು, ನಂಬಬೇಡಿ ಎಂದವಳು ಈಕೆ ಎಂದು ಕನ್ನಡದಲ್ಲಿ ಹೇಳಿ. ತೆಲುಗಾದರೂ ಆದೀತು, ನಮಗೆ ಎರಡೂ ಗುರುತಾಗುತ್ತವೆ. ಕಾಫಿ ಈ ಸಲವೂ ಜ್ಯೋತಿಲಕ್ಷ್ಮಿಯೇ ಕೊಡುತ್ತಾಳೆ.

ಇಂತಿ,
ಹೇಳಿದ್ದನ್ನೆಲ್ಲ ನಂಬುವವನೆಂದು ತಮ್ಮಿಂದಲೇ ಪ್ರಮಾಣಿತನಾದ, ಆದ್ದರಿಂದ ತಾವು ಬಂದೇ ಬರುತ್ತೀರೆಂದು ನಂಬಿ ಕಾಯುತ್ತಿರುವ
ಗಂಗರಾಜು
ಹಾಲು ಹಾಕುವವನು, ಚಿಂತಾಮಣಿ ತಾಲ್ಲೂಕು