ಸೆಪ್ಟೆಂಬರ್‌ನಲ್ಲಿ ತೀರಿಕೊಂಡವರು ಜನವರಿಯಲ್ಲಿ ಮೀಟರ್ ತಿರುಚಿದ್ದು ಹೇಗೆ?

ಮಾನ್ಯ ವಿದ್ಯುತ್ ಉಪವಿಭಾಗದ ಅಧಿಕಾರಿಗಳೇ,

ನನ್ನ ಗಂಡ ಬೋರಲಿಂಗಯ್ಯನವರು ಈ ಜನವರಿಯಲ್ಲಿ ನಮ್ಮ ಮನೆಯ ಸೋಲಾರ್ ಮೀಟರನ್ನು ತಿರುಚಿ, ಇಲ್ಲದ ಕರೆಂಟನ್ನು ತಮಗೆ ಮಾರಿದಂತೆ ತೋರಿಸಿ ವಂಚಿಸಿದ್ದಾರೆ ಎಂದು ತಾವು ನೋಟಿಸ್ ಹೊರಡಿಸಿದ್ದೀರಿ. ಅವರು ತೀರಿಕೊಂಡದ್ದು ಸೆಪ್ಟೆಂಬರ್ ಹದಿನಾಲ್ಕರಂದು. ಬದುಕಿದ್ದಷ್ಟು ದಿನ ಒಂದು ಅರ್ಜಿ ಬರೆಯಲಿಕ್ಕೂ ಸೋಮಾರಿತನ ಮಾಡುತ್ತಿದ್ದ ಮನುಷ್ಯ, ತೀರಿಕೊಂಡ ನಾಲ್ಕು ತಿಂಗಳಿಗೆ ಇಷ್ಟು ದೊಡ್ಡ ಕೆಲಸ ಮಾಡಿದರೆಂದು ತಿಳಿದು ನನಗೂ ಆಶ್ಚರ್ಯವಾಯಿತು.

ತಮ್ಮ ನೋಟಿಸನ್ನು ಲೈನ್‌ಮನ್ ನಮ್ಮೂರ ಹಾಲಿನ ಡೇರಿಯ ಗೋಡೆಗೆ ಅಂಟಿಸಿ ಹೋದರು. ಬೆಳಿಗ್ಗೆ ಸಂಜೆ ಕ್ಯಾನು ಹಿಡಿದು ಸಾಲಲ್ಲಿ ನಿಲ್ಲುವವರಿಗೆ ಓದಲು ಬೇರೇನೂ ಇರುವುದಿಲ್ಲ. ಎರಡೇ ದಿನದಲ್ಲಿ ಕೈಲಾಂಚದ ಸುತ್ತಮುತ್ತ ಅದು ಬಾಯಿಪಾಠವಾಯಿತು. ನಮ್ಮ ಪಕ್ಕದ ಮನೆಯ ಯಲ್ಲಮ್ಮ ಪೂರ್ತಿ ಓದಿಸಿಕೊಂಡು ಕೇಳಿ, "ಬದುಕಿದ್ದಾಗ ಫ್ಯೂಸ್ ಹಾಕಾಕೂ ಹೆದರ್ತಿದ್ದ ಮನ್ಸ, ಸತ್ತ್ ಮೇಲೆ ಧೈರ್ಯ ಬಂದೈತೆ ಬುಡು" ಎಂದಳು. ಯಲ್ಲಮ್ಮ ನನ್ನನ್ನು ಸಮಾಧಾನ ಮಾಡಲು ಹಾಗೆ ಅಂದದ್ದು. ಆದರೆ ಸಾಲಿನಲ್ಲಿದ್ದ ಎಲ್ಲರೂ ನನ್ನ ಕಡೆಯವರಲ್ಲ. ವಂಚಕ ಎಂಬ ಪದವನ್ನು ಬೆರಳಿಟ್ಟು ಇನ್ನೊಬ್ಬರಿಗೆ ತೋರಿಸಿದವರೂ ಇದ್ದರು. ಹದಿನೈದು ದಿನದೊಳಗೆ ಸಮಜಾಯಿಷಿ ಕೊಡದಿದ್ದರೆ ಬೋರಲಿಂಗಯ್ಯನವರ ಹೆಸರನ್ನು ವಂಚಕ ಗ್ರಾಹಕರ ಪಟ್ಟಿಗೆ ಸೇರಿಸಲಾಗುವುದು ಎಂದು ತಾವು ಬರೆದಿದ್ದೀರಿ. ನನ್ನ ತಕರಾರು ಇರುವುದು ಅದೊಂದಕ್ಕೇ. ಮೀಟರ್ ಬೇಕಾದರೆ ಕಿತ್ತುಕೊಂಡು ಹೋಗಿ, ಹೆಸರನ್ನು ಬಿಡಿ.

ಸಮಜಾಯಿಷಿ ಕೊಡಲು ನಾನು ತಮ್ಮ ಕಚೇರಿಗೂ ಬಂದಿದ್ದೆ. ಕೌಂಟರಿನಲ್ಲಿದ್ದ ಸಿಬ್ಬಂದಿ ನೋಟಿಸ್ ನೋಡಿ, ಖಾತೆದಾರರೇ ಖುದ್ದು ಬರಬೇಕು ಎಂದರು. ಅವರು ಬರುವ ಹಾಗಿಲ್ಲ ಎಂದೆ. ಆ ಸಿಬ್ಬಂದಿ ತಲೆ ಎತ್ತದೆ, "ಸರಿ, ಯಾವತ್ತು ಬರ್ತಾರೆ ಹೇಳಿ, ಬರ್ಕೊತೀನಿ" ಎಂದರು. ನನಗೆ ನಗು ಬಂದುಬಿಟ್ಟಿತು. ಸೆಪ್ಟೆಂಬರ್‌ನಿಂದೀಚೆಗೆ ನಾನು ನಕ್ಕದ್ದು ಅದೇ ಮೊದಲು. ಆ ಉಪಕಾರಕ್ಕೆ ತಮ್ಮ ಕಚೇರಿಗೆ ಋಣಿಯಾಗಿದ್ದೇನೆ. ಮರಣ ಪ್ರಮಾಣಪತ್ರ ಮುಂದಿಟ್ಟ ಮೇಲೆ ಅವರು, ಹಾಗಾದರೆ ಮೊದಲು ಹೆಸರು ಬದಲಾವಣೆಗೆ ಅರ್ಜಿ ಹಾಕಿ, ಆದರೆ ಖಾತೆಯ ಮೇಲೆ ವಂಚನೆ ವಿಚಾರಣೆ ಬಾಕಿ ಇರುವುದರಿಂದ ಹೆಸರು ಬದಲಾವಣೆ ಸಾಧ್ಯವಿಲ್ಲ ಎಂದರು. ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಿದರು. ಅದಕ್ಕೇ ಈಗ ಎಲ್ಲರೂ ಓದುವ ಹಾಗೆ ಪತ್ರಿಕೆಯಲ್ಲಿ ಬರೆಯುತ್ತಿದ್ದೇನೆ.

ತಮ್ಮ ವಾದ ಏನು? "ಚಳಿಗಾಲದಲ್ಲಿ ಸೌರ ಉತ್ಪಾದನೆ ಸಹಜವಾಗಿ ಕುಸಿಯಬೇಕಿದ್ದು, ಸದರಿ ಗ್ರಾಹಕರಲ್ಲಿ ಹಿಂದಿನ ಜನವರಿಗಿಂತ ಅಸಹಜ ಏರಿಕೆ ಕಂಡುಬಂದಿರುತ್ತದೆ." ಹೋದ ವರ್ಷದ ಜನವರಿಯಲ್ಲಿ ದಿನಕ್ಕೆ ಎಂಟು ಯೂನಿಟ್, ಈ ಜನವರಿಯಲ್ಲಿ ಹದಿಮೂರು. ಲೆಕ್ಕ ನಿಜ. ಆದರೆ ಚಳಿಗಾಲದಲ್ಲಿ ಕುಸಿಯಲೇಬೇಕು ಎಂದು ತಮಗೆ ಹೇಳಿದವರು ಯಾರು? ಹಿಮ ಬೀಳುವ ಯಾವುದಾದರೂ ದೇಶದ ಪಟ್ಟಿಯನ್ನು ತಂದು ತಮ್ಮ ಮೇಜಿನ ಗಾಜಿನ ಕೆಳಗೆ ಇಟ್ಟುಕೊಂಡಿದ್ದೀರಾ? ನಮ್ಮ ರಾಮನಗರದ ಬೆಟ್ಟಗಳ ಮೇಲೆ ಹಿಮ ಬಿದ್ದದ್ದನ್ನು ನಾನಂತೂ ಕಂಡಿಲ್ಲ. ಇಲ್ಲಿ ಮಂಜು ಬೀಳುತ್ತದೆ, ಒಂಬತ್ತು ಗಂಟೆಗೆಲ್ಲ ಕರಗುತ್ತದೆ, ಆಮೇಲೆ ಸಂಜೆಯವರೆಗೆ ಆಕಾಶ ತೊಳೆದಿಟ್ಟ ತಟ್ಟೆಯ ಹಾಗಿರುತ್ತದೆ. ನಿಜವಾಗಿ ಯೂನಿಟ್ ಕುಸಿಯುವುದು ಆಷಾಢದ ಮೋಡದಲ್ಲಿ. ಆಗ ತಾವು ಯಾರಿಗೂ ನೋಟಿಸ್ ಕಳಿಸಿದ್ದನ್ನು ಕೇಳಿಲ್ಲ.

ನಾನು ಓದಿದ್ದು ಹತ್ತನೇ ತರಗತಿ. ಹಾಗಾಗಿ ಮೀಟರ್ ರೀಡಿಂಗಿಗೆ ಬರುವ ಮುನಿಕೃಷ್ಣನನ್ನು ಕೇಳಿದೆ. ಅವನು ಹೇಳಿದ್ದನ್ನು ಅವನ ಮಾತಿನಲ್ಲೇ ಬರೆಯುತ್ತೇನೆ: "ಪ್ಯಾನೆಲ್ ಅನ್ನೋದು ಸೀಮೆಹಸು ಇದ್ದಂಗೆ ಕಣಕ್ಕ. ಬೆಳಕು ಬೇಕು, ಬಿಸಿ ಆಗಾಕಿಲ್ಲ. ಏಪ್ರಿಲ್ ಬಿಸ್ಲಲ್ಲಿ ಏದುಸ್ರು ಬುಡ್ತದೆ, ಚಳೀಲಿ ಒಳ್ಳೆ ಬೆಳಕು ಸಿಕ್ರೆ ಬಕೇಟ್ ತುಂಬುಸ್ತದೆ." ದಯವಿಟ್ಟು ಇದನ್ನು ಹೇಳಿದ್ದಕ್ಕೆ ಅವನಿಗೊಂದು ನೋಟಿಸ್ ಕಳಿಸಬೇಡಿ. ಅವನ ಕೆಲಸ ಇನ್ನೂ ಖಾಯಂ ಆಗಿಲ್ಲ.

ಇನ್ನು ಎಂಟು ಯೂನಿಟ್ ಹದಿಮೂರಾದದ್ದು ಹೇಗೆ ಎಂಬುದು. ಇದನ್ನು ಹೇಳಲು ನನಗೆ ಹದಿನೈದು ದಿನದಲ್ಲಿ ಹನ್ನೆರಡು ದಿನ ಬೇಕಾಯಿತು. ಹೇಳಿದರೆ ಊರು ಅವರನ್ನು ನೋಡಿ ನಗುತ್ತದೆ. ಹೇಳದಿದ್ದರೆ ಕಳ್ಳ ಎನ್ನುತ್ತದೆ. ಎರಡನ್ನೂ ಇಟ್ಟು ತೂಗಿ ನೋಡಿದೆ. ನಗಲಿ.

ಅವರೆಕಾಯಿ ಕಾಲದಲ್ಲಿ ಕಾಳನ್ನು ನೆನೆಸಿ, ಹಿತಕಿ ಸಿಪ್ಪೆ ತೆಗೆದು, ಬೇಳೆಯನ್ನು ಬಿಸಿಲಿಗೆ ಒಣಗಿಸಿ, ಎಣ್ಣೆಯಲ್ಲಿ ಕರಿದು ಡಬ್ಬಕ್ಕೆ ತುಂಬಿಡುವುದು ನಮ್ಮ ಮನೆಯ ವಾಡಿಕೆ. ಮೊದಲೆಲ್ಲ ತಾರಸಿಯ ನೆಲದ ಮೇಲೆ ಒಣಗಿಸುತ್ತಿದ್ದೆವು. ಕೋಳಿಗೂ ಅಳಿಲಿಗೂ ಅರ್ಧ ಪಾಲು ಹೋಗುತ್ತಿತ್ತು. ಸೋಲಾರ್ ಹಾಕಿಸಿದ ಮೇಲೆ ನಮ್ಮ ಯಜಮಾನರಿಗೆ ಆ ಪ್ಯಾನೆಲ್‌ಗಳು ಕರೆಂಟಿಗಿಂತ ಹೆಚ್ಚಾಗಿ ಬೇರೇನೋ ಆಗಿ ಕಂಡವು. ಎತ್ತರದಲ್ಲಿವೆ, ಕೋಳಿ ಏರುವುದಿಲ್ಲ, ಕಪ್ಪಗಿವೆ, ಕೈ ಇಟ್ಟರೆ ಸುಡುತ್ತವೆ. ನನ್ನ ಹಳೆಯ ಸೀರೆಯೊಂದನ್ನು ಅವುಗಳ ಮೇಲೆ ಹಾಸಿ, ನಾಲ್ಕು ಮೂಲೆ ಕಟ್ಟಿ, ಬೇಳೆ ಹರಡಿಯೇಬಿಟ್ಟರು. ಕರೆಂಟು ಬರುವುದು ಆ ಬಿಸಿಲಿನಿಂದಲೇ ಅಲ್ಲವೇ ಎಂದು ನಾನು ಕೇಳಿದ್ದಕ್ಕೆ ಅವರು ಕೊಟ್ಟ ಉತ್ತರ: "ಸೂರ್ಯಂಗೆ ಬೇಳೆ ಅಡ್ಡ ಬಂದ್ರೆ ಒಸಿ ಬಗ್ಗಿ ನೋಡ್ಕತಾನೆ. ನೀನು ಸುಮ್ಕಿರು."

ಸೂರ್ಯ ಬಗ್ಗಲಿಲ್ಲ. ಒಂದು ಹಲಗೆಗೆ ನೆರಳಾದರೆ ಅದರ ಜೊತೆ ಪೋಣಿಸಿದ ಸಾಲಿಗೆ ಸಾಲೇ ಸೊರಗುತ್ತದಂತೆ, ಅದನ್ನೂ ಮುನಿಕೃಷ್ಣನೇ ಹೇಳಿದ. ಸಾಕ್ಷಿ ಬೇಕೆಂದರೆ, ನಾನು ದಿನಾ ನಾಲ್ಕು ಸಾಲು ಡೈರಿ ಬರೆಯುವವಳು. ಹೋದ ವರ್ಷದ ಪುಸ್ತಕದಿಂದ ನಕಲು ಮಾಡುತ್ತಿದ್ದೇನೆ. "ಜನವರಿ 11. ಎರಡು ಮೊರ ಬೇಳೆ ಪ್ಯಾನೆಲ್ ಮೇಲೆ. ಹೇಳಿದೆ. ಕೇಳಲಿಲ್ಲ." "ಜನವರಿ 19. ಈವತ್ತೂ ಹರಡಿದರು. ಯೂನಿಟ್ ಕಮ್ಮಿ ಬಂತು ಅಂದರೆ ಕಂಪನಿಯವರದು ಕಳಪೆ ಮಾಲು ಅಂತಾರೆ." "ಜನವರಿ 26. ಬೇಳೆ ಕರಿದೆ. ಗರಿಗರಿಯಾಗಿದೆ. ಒಪ್ಪಿಕೊಳ್ಳಬೇಕಾಯಿತು." ಪುಸ್ತಕವನ್ನು ತಮಗೆ ತೋರಿಸಬಲ್ಲೆ. ಬಿಟ್ಟುಕೊಡಲಾರೆ.

ಈ ವರ್ಷ ನಾನು ಬೇಳೆ ಹಿತಕಲಿಲ್ಲ. ಒಬ್ಬಳಿಗೆ ಎಷ್ಟು ಬೇಕು? ಬೆಳಗಿನ ಜಾವಕ್ಕೆ ಎಚ್ಚರವಾದರೆ ಮತ್ತೆ ನಿದ್ದೆ ಹತ್ತುವುದಿಲ್ಲವಾದ್ದರಿಂದ ಬೆಳಕು ಹರಿದ ಮೇಲೆ ತಾರಸಿಗೆ ಹೋಗುವ ಅಭ್ಯಾಸವಾಯಿತು. ಡಿಸೆಂಬರ್‌ನಲ್ಲಿ ನಮ್ಮ ಕಡೆ ರಾಗಿಯನ್ನು ಟಾರ್ ರಸ್ತೆಗೇ ಹಾಸಿ, ಬಸ್ಸು ಲಾರಿಗಳಿಂದ ತುಳಿಸುತ್ತಾರೆ. ಆ ದೂಳೆಲ್ಲ ಪ್ಯಾನೆಲ್ ಮೇಲೆ ಕೂತಿರುತ್ತದೆ, ಅದರ ಮೇಲೆ ಇಬ್ಬನಿ ಬಿದ್ದು ಕೆಸರಾಗಿರುತ್ತದೆ. ಅವರ ಹಳೆಯ ಪಂಚೆಯಲ್ಲಿ ಒರೆಸುತ್ತೇನೆ. ನೀರು ಹೊರಬೇಕಾಗಿಲ್ಲ, ಇಬ್ಬನಿಯೇ ಸಾಕು. ಅವರಿದ್ದಾಗ ಒರೆಸಿ ಎಂದರೆ, ಮಳೆ ಬಂದಾಗ ತೊಳೆದುಹೋಗುತ್ತದೆ ಎನ್ನುತ್ತಿದ್ದರು. ಜನವರಿಯಲ್ಲಿ ಎಲ್ಲಿಯ ಮಳೆ?

ಇಷ್ಟೇ ಸ್ವಾಮಿ, ತಾವು ಪತ್ತೆ ಹಚ್ಚಿದ ಅಕ್ರಮ. ಒಂದು ಜನವರಿಯಲ್ಲಿ ಬೇಳೆ ಇತ್ತು, ಇನ್ನೊಂದರಲ್ಲಿ ಇರಲಿಲ್ಲ. ತಾವು ಯೂನಿಟ್‌ಗಳನ್ನು ನೋಡಿದಿರಿ, ತಾರಸಿಯನ್ನು ನೋಡಲಿಲ್ಲ. ತಮ್ಮ ಕಚೇರಿಯಿಂದ ನಮ್ಮ ಮನೆಗೆ ಅರ್ಧ ಗಂಟೆಯ ಬಸ್ಸು. ಏಣಿ ಗಟ್ಟಿಯಾಗಿದೆ.

ನನ್ನ ಒತ್ತಾಯ ಇದು. ಬೋರಲಿಂಗಯ್ಯನವರ ವಿಚಾರಣೆಯನ್ನು ಕೈಬಿಡಿ. ನೋಟಿಸ್ ಅಂಟಿಸಿದ್ದ ಕಡೆಯಲ್ಲೇ, ಅಷ್ಟೇ ದೊಡ್ಡ ಅಕ್ಷರದಲ್ಲಿ, ಅವರು ವಂಚಕರಲ್ಲ ಎಂದು ಸಹಿ ಮೊಹರು ಹಾಕಿ ಅಂಟಿಸಿ. ಹದಿಮೂರು ಯೂನಿಟ್ ಅಪರಾಧವೇ ಆದರೆ ಅದನ್ನು ಮಾಡಿದವಳು ನಾನು, ನನ್ನ ಹೆಸರಿಗೆ ಬರೆದುಕೊಳ್ಳಿ. ಕಡತದಲ್ಲಿ ಅವರ ಹೆಸರಿನ ಮುಂದೆ ಏನಾದರೂ ಬರೆಯಲೇಬೇಕು ಎಂಬ ನಿಯಮವಿದ್ದರೆ, "ಹೆಂಡತಿಯ ಮಾತು ಕೇಳದವರು" ಎಂದು ಬರೆಯಿರಿ. ಅದಕ್ಕೆ ನಾನೇ ಬಂದು ಸಾಕ್ಷಿ ಹಾಕುತ್ತೇನೆ.

ಇಂತಿ,
ಮೂವತ್ತೊಂದು ವರ್ಷದ ವಾದದಲ್ಲಿ ಕೊನೆಗೂ ಗೆದ್ದು, ಸೋತವರನ್ನು ಹುಡುಕುತ್ತಿರುವ
ನಾಗಲಕ್ಷ್ಮಮ್ಮ
ಕೈಲಾಂಚ ಹೋಬಳಿ, ರಾಮನಗರ ತಾಲ್ಲೂಕು