ಬೀದಿಗಿಳಿದ ರೇಷ್ಮೆ

೬ ಮೇ ೧೯೫೭, ಸೋಮವಾರ. ಬೆಳಿಗ್ಗೆ ಎಂಟು
ಜವಳಿ ಅಂಗಡಿಯ ಬಾಗಿಲು ತೆಗೆದು ಗುಡಿಸಿ ಕೌಂಟರ್ ಒರೆಸಿದ್ದಾಯಿತು. ರಹೀಂ ಸಾಬರು ಆಗಲೇ ಸೀರೆಗಳ ಮಡಿಕೆ ಬದಲಿಸುತ್ತಿದ್ದಾರೆ. ಒಂದೇ ಮಡಿಕೆಯಲ್ಲಿ ಬಿಟ್ಟರೆ ರೇಷ್ಮೆ ಅಲ್ಲೇ ಸೀಳುತ್ತದಂತೆ. ಗುಂಡ್ಲುಪೇಟೆಯಲ್ಲಿ ಇಂಥ ಸೇಲ್ಸ್‌ಮನ್ ಇನ್ನೊಬ್ಬರಿಲ್ಲ. ಅವರದು ಹದಿನೆಂಟು ವರ್ಷದ ಸರ್ವಿಸ್. ನನ್ನದು ಎರಡು.

೭ ಮೇ. ಸಂಜೆ
ಬೇಗೂರಿನ ಮರಿಮಲ್ಲಪ್ಪನವರು ಮಗಳ ಮದುವೆಗೆ ಜವಳಿ ತೆಗೆಯಲು ಬಂದರು. ಹೆಂಡತಿ ಗುರುಮಲ್ಲಮ್ಮ, ಮಗಳು ಪುಟ್ಟಮಲ್ಲಮ್ಮ ಬೀದಿಯಲ್ಲಿ, ಗಾಡಿಯಲ್ಲೇ. ಗಂಡಸರು ಆರಿಸುವುದು, ಹೆಂಗಸರು ಉಡುವುದು — ಇಲ್ಲಿನ ಪದ್ಧತಿ. ದಪ್ಪ ಜರಿಯ ಕೆಂಪು ಸೀರೆ ಮುಟ್ಟಿ, "ಇದ್ನೇ ಕಟ್ಟು" ಅಂದರು.

ಸಾಬರು ಕಟ್ಟಲಿಲ್ಲ. "ಮಗೀನ ಒಂದ್ ಮಾತ್ ಕೇಳ್ಬುಡನ, ಯಜಮಾನ್ರೆ."

"ಎಣ್ಮಗ್ಳ ಏನ್ ಕೇಳದು."

ಸಾಬರು ಆರು ಸೀರೆ ತೋಳಿನ ಮೇಲೆ ಹಾಕಿಕೊಂಡು ಬೀದಿಗೆ ಇಳಿದೇಬಿಟ್ಟರು. ರೇಷ್ಮೆ ಹೊಸ್ತಿಲು ದಾಟಬಾರದೆಂದು ಮಾಲೀಕ ಶಿವರುದ್ರಸ್ವಾಮಿಯವರ ಕಟ್ಟಪ್ಪಣೆ. ಬಿಸಿಲಿಗೆ ಹಿಡಿದು ಒಂದೊಂದೇ ಬಿಚ್ಚಿದರು. ಹುಡುಗಿ ತಲೆ ತಗ್ಗಿಸಿಯೇ ಇದ್ದಳು. ನೇರಳೆ ಬಣ್ಣದ್ದು ಬಂದಾಗ ತಲೆ ಎತ್ತಿದಳು. ಅಷ್ಟೇ. ಸಾಬರಿಗೆ ಅಷ್ಟು ಸಾಕಾಯಿತು. ನನಗಾಗಿದ್ದರೆ ಗೊತ್ತೇ ಆಗುತ್ತಿರಲಿಲ್ಲ.

ಮರಿಮಲ್ಲಪ್ಪನವರಿಗೆ ಅವಮಾನವಾಯಿತು. ಏನೂ ಕೊಳ್ಳದೆ ಗಾಡಿ ಹೊಡೆಸಿದರು.

"ನಾಳಿಂದ ಬರಬ್ಯಾಡಿ ಸಾಬ್ರೆ" — ಮಾಲೀಕರು.

"ಉಡೋರ್ನ ಕೇಳ್ದೆ ಸೀರೆ ಮಾರದ ನಾ ಕಲೀನಿಲ್ಲ ಸ್ವಾಮಿ."

ಆರನ್ನೂ ಮಡಿಸಿಟ್ಟೇ ಹೋದರು. ನಾನು ತಲೆ ತಗ್ಗಿಸಿ ಕೌಂಟರ್ ಒರೆಸುತ್ತಲೇ ಇದ್ದೆ. ಮದುವೆಯಾಗಿ ಮೂರು ತಿಂಗಳು... ಕೆಲಸ ಬೇಕು.

೧೦ ಮೇ, ಶುಕ್ರವಾರ. ಸಂಜೆ
ಮತ್ತೆ ಬೇಗೂರಿನ ಗಾಡಿ. ಗುರುಮಲ್ಲಮ್ಮ ಮಗಳ ಕೈ ಹಿಡಿದು ಒಳಗೇ ಬಂದು ನೆಲದ ಮೇಲೆ ಕುಳಿತರು.

"ಆ ಸಾಬ್ರು ಎಲ್ಲಿ?"

ನಾನೇ ತೋರಿಸುತ್ತೇನೆ ಅಂದರು ಮಾಲೀಕರು.

"ನನ್ ಮದ್ವೆ ಸೀರೆಯ ನಾ ಕಂಡದ್ದು ಉಟ್ಕಳ ದಿನ. ಇವ್ಳ್‌ಗೆ ಅಂಗಾಗ್ಬಾರ್ದು. ಅವರು ಬರಗಂಟ ಕುಂತಿರ್ತೀನಿ."

"ಅವರ್ನ ಬುಡುಸ್ಬುಟ್ರು ಕಣವ್ವ. ತಪ್ಪು ಅವರ್ದಲ್ಲ."

ಅಂದವನು ನಾನೇ. ಮಾಲೀಕರು ನನ್ನನ್ನೇ ನೋಡಿದರು. ಎತ್ತಿನ ಪಕ್ಕ ನಿಂತಿದ್ದ ಮರಿಮಲ್ಲಪ್ಪನವರು ಬಾಗಿಲಿಗೆ ಬಂದು, ಹೆಂಡತಿಯ ಕಡೆ ನೋಡಿ, "ಕರ್ಸಿ ಸ್ವಾಮಿ. ಮೂರ್ ದಿನದಿಂದ ಇವ್ಳು ನನ್ ಕುಟೆ ಮಾತಾಡ್ನಿಲ್ಲ" ಅಂದರು.

ಕರೆಯಲು ನನ್ನನ್ನೇ ಕಳಿಸಿದರು. ಸಾಬರು ಮನೆಯಲ್ಲಿ ಮಗಳು ಮಹಮೂದಾಗೆ ಕುಪ್ಪಸ ಕತ್ತರಿಸುತ್ತಿದ್ದರು. ಏನೂ ಕೇಳದೆ ಟೋಪಿ ಹಾಕಿಕೊಂಡು ಎದ್ದರು. ದಾರಿಯಲ್ಲಿ ಒಂದೇ ಮಾತು —

"ನೇರಳೇದು ಮಾರೋಗ್ನಿಲ್ಲ ತಾನೆ?"

"ಇಲ್ಲ. ಬ್ಯಾರೆ ಸೀರೆಗಳ ಅಡೀಲಿ ಮುಚ್ಚಿಟ್ಟಿವ್ನಿ."

ಹೆಗಲ ಮೇಲೆ ಕೈ ಇಟ್ಟರು. ಮನೆಗೆ ಬಂದ ಮೇಲೂ ಆ ಕೈ ಅಲ್ಲೇ ಇದ್ದಂತಿದೆ.

ಅಂಗಡಿಯಲ್ಲಿ ನೇರಳೆಯದನ್ನು ಹುಡುಗಿಯೇ ಹೆಗಲ ಮೇಲೆ ಹಾಕಿ ನೋಡಿಕೊಂಡಳು. ಆಮೇಲೆ ಕೆಂಪನ್ನೂ ಕೇಳಿದಳು. "ಅಪ್ಪನ್ಗೂ ಬೇಜಾರಾಗ್ಬಾರ್ದು" ಅಂತ.

೧೩ ಮೇ, ಸೋಮವಾರ. ಮಧ್ಯಾಹ್ನ ಮೂರು
ಊಟದ ಬಿಡುವು. ಒಳಗೆ ಹೆಂಗಸರಿಗೆಂದು ಮಾಲೀಕರೇ ಜಮಖಾನ ಹಾಸಿಸಿದ್ದಾರೆ. ಹನ್ನೊಂದು ಜನ ಕುಳಿತಿದ್ದಾರೆ. ಮತ್ತೆ ಕೆಲಸಕ್ಕೆ ಬಂದ ಸಾಬರಿಗೆ ಪುರಸೊತ್ತಿಲ್ಲ. ಈಗ ನನ್ನನ್ನು ಕೂಗುತ್ತಿದ್ದಾರೆ — "ನೀಲಕಂಠಪ್ಪ, ಈ ಅವ್ವಂಗೆ ಇವತ್ತು ನೀನೇ ತೋರ್ಸು." ನಾನೇ. ಒಬ್ಬನೇ. ಮೊದಲು ಏನು ಕೇಳಲಿ —