ಅಳಿಸಿಹೋದ ನೂರ ಎಪ್ಪತ್ನಾಲ್ಕು

ನನ್ನ ತರಗತಿಗೆ ಬಂದು ರಬ್ಬರ್ ಕೈಗೆತ್ತಿಕೊಂಡ ಮಾನ್ಯ ಪರಿವೀಕ್ಷಕರೇ,

ಏಳನೇ ತರಗತಿಯ ಹುಡುಗಿಯೊಬ್ಬಳು ನಿಯತ್ತಾಗಿ ಅಳೆದು ಬರೆದ ಉತ್ತರವನ್ನು ನೀವು ಅಳಿಸಿದಿರಿ. ಅಷ್ಟು ಸಾಲದೆಂದು ವರದಿಯಲ್ಲಿ ‘ನಿಯಮ ತಲುಪದ ವಿದ್ಯಾರ್ಥಿನಿ, ಪರಿಹಾರ ಬೋಧನೆ ಅಗತ್ಯ’ ಎಂದು ಗೀಚಿ ಅವಳನ್ನು ದಡ್ಡರ ಸಾಲಿಗೆ ತಳ್ಳಿದಿರಿ. ಆ ಸಾಲನ್ನು ತೆಗೆಯಿರಿ ಎಂದು ನಿಮ್ಮ ಕಚೇರಿಗೆ ಎರಡು ಸಲ ಬರೆದೆ. ಉತ್ತರವಿಲ್ಲ. ಇನ್ನು ಎಲ್ಲರೂ ಓದಲಿ ಎಂದು ಇಲ್ಲಿ ಬರೆಯುತ್ತಿದ್ದೇನೆ.

ನಿಯಮವನ್ನು ಮೊದಲು ಹೇಳಿ ಆಮೇಲೆ ಲೆಕ್ಕ ಮಾಡಿಸುವುದು ನಿಗಮನ ಪದ್ಧತಿ. ಮಕ್ಕಳೇ ನಾಲ್ಕಾರು ಉದಾಹರಣೆ ಮಾಡಿ ನೋಡಿ ನಿಯಮ ಕಂಡುಕೊಳ್ಳುವುದು ಅನುಗಮನ ಪದ್ಧತಿ. ಇಪ್ಪತ್ತಾರು ವರ್ಷದಿಂದ ಗಣಿತ ಕಲಿಸುತ್ತಿರುವ ನಾನು ಮಕ್ಕಳ ಮುಖ ನೋಡಿಕೊಂಡು ಎರಡನ್ನೂ ಬಳಸಿದ್ದೇನೆ. ನಿಮ್ಮ ಸುತ್ತೋಲೆ ಬಂದದ್ದೇ ತಡ, ಮೊದಲನೆಯದು ಮಹಾಪರಾಧವಾಯಿತು. ಜೊತೆಗೊಂದು ನಮೂನೆ ಬೇರೆ: ‘ಇಪ್ಪತ್ತೆರಡನೇ ನಿಮಿಷ: ಮಕ್ಕಳು ನಿಯಮವನ್ನು ಸ್ವತಃ ಕಂಡುಕೊಳ್ಳುವರು.’ ಅವರು ಏನನ್ನು ಕಂಡುಕೊಳ್ಳುತ್ತಾರೆ ಎಂಬುದನ್ನು ಪಕ್ಕದ ಖಾನೆಯಲ್ಲಿ ಮುಂಚೆಯೇ ತುಂಬಿ ನಿಮ್ಮ ಸಹಿ ಹಾಕಿಸಿಕೊಳ್ಳಬೇಕು. ಅಬ್ಬಾ, ಎಂಥಾ ತಲೆ! ನಿಮ್ಮ ಸಹಿ ಬಿದ್ದ ಮೇಲೆ ಆ ಮಕ್ಕಳು ಕಂಡುಕೊಳ್ಳುವುದಕ್ಕೆ ಏನು ಮಿಕ್ಕಿರುತ್ತದೆ ಸ್ವಾಮಿ?

ನೀವು ಬಂದ ದಿನ ಪಾಠ ತ್ರಿಕೋನದ್ದು. ಮೂವತ್ತೆಂಟು ಮಕ್ಕಳು ತಮಗೆ ತೋಚಿದಂತೆ ತ್ರಿಕೋನ ಬರೆದು, ಮೂರು ಕೋನ ಅಳೆದು ಕೂಡಿಸುತ್ತಿದ್ದರು. ಹಿಂದಿನ ಬೆಂಚಿನವರು ಪುಸ್ತಕದ ಕೊನೇ ಪುಟ ಇಣುಕಿ ನೂರ ಎಂಬತ್ತು ಬರೆದುಕೊಂಡರು. ನೀವು ಅವರ ಬೆನ್ನು ತಟ್ಟಿದಿರಿ. ಕಿಟಕಿಯ ಪಕ್ಕದ ಹುಡುಗಿಗೆ ನೂರ ಎಪ್ಪತ್ನಾಲ್ಕು ಬಂತು. ಅವಳಪ್ಪ ಟೈಲರ್, ಒಮ್ಮೆ ಅಳೆದು ಸುಮ್ಮನಾಗುವ ಮನೆಯಲ್ಲ ಅದು. ಮೂರು ಸಲ ಅಳೆದಳು, ಮೂರು ಸಲವೂ ಅಷ್ಟೇ ಬಂತು. ಎದ್ದು ನಿಂತು ನಿಮ್ಮ ಕಡೆ ತಿರುಗಿ, “ಸರ್, ನಂದು ಕಮ್ಮಿ ಬರ್ತಿದೆ. ಯಾಕೆ ಅಂತ ಗೊತ್ತಾಗ್ತಿಲ್ಲ” ಅಂದಳು.

ನನ್ನ ಇಷ್ಟು ವರ್ಷದ ನೌಕರಿಯಲ್ಲಿ ಇಂಥ ಪ್ರಶ್ನೆ ಕೇಳಿದ ಮಕ್ಕಳನ್ನು ಬೆರಳೆಣಿಕೆಯಲ್ಲಿ ಹೇಳಬಹುದು. ನೀವು ಗಡಿಯಾರ ನೋಡಿದಿರಿ. ಇಪ್ಪತ್ತಮೂರನೇ ನಿಮಿಷ ಆಗಿಹೋಗಿತ್ತಲ್ಲ! ಅವಳ ಡೆಸ್ಕಿನಿಂದಲೇ ರಬ್ಬರ್ ತೆಗೆದುಕೊಂಡು ಅವಳ ಅಂಕಿ ಉಜ್ಜಿ, ನೂರ ಎಂಬತ್ತು ಬರೆದು, “ಇಷ್ಟೇ ಬರಬೇಕು, ತಿಳೀತಾ?” ಅಂದಿರಿ. ನಿಯಮ ಹೇಳಿಕೊಡಬಾರದೆಂದು ಸುತ್ತೋಲೆ ಹೊರಡಿಸಿದ ಮಹಾಶಯರು ನೀವೇ ತಾನೆ?

ಸಂಜೆ ಅವಳ ಹಾಳೆ ತೆಗೆದು ನೋಡಿದೆ. ಪೆನ್ಸಿಲ್ ಒತ್ತಿ ಬರೆದಿದ್ದರಿಂದ ನೀವು ಅಳಿಸಿದ್ದು ಇನ್ನೂ ಕಾಣುತ್ತಿತ್ತು. ಕೋನಮಾಪಕದಲ್ಲಿ ಸೊನ್ನೆಯ ಗೆರೆ ಪ್ಲಾಸ್ಟಿಕ್ಕಿನ ಅಂಚಿಗಿಂತ ಸ್ವಲ್ಪ ಮೇಲಿರುತ್ತದೆ. ಅವಳು ಗೆರೆ ಬಿಟ್ಟು ಅಂಚನ್ನೇ ತ್ರಿಕೋನದ ಬದಿಗೆ ಕೂರಿಸಿದ್ದಳು. ನಾನೂ ಹಾಗೇ ಇಟ್ಟು ಅಳೆದೆ: ಕೋನಕ್ಕೆರಡು ಡಿಗ್ರಿ ಕಮ್ಮಿ, ಮೂರಕ್ಕೆ ಆರು. ಅವಳ ತಪ್ಪೂ ಅಷ್ಟು ಅಚ್ಚುಕಟ್ಟಾಗಿತ್ತು. ಕಾರಣ ಹೇಳಿಬಿಡಬಾರದು, ನಾಳೆ ಇನ್ನೆರಡು ತ್ರಿಕೋನ ಕೊಟ್ಟರೆ ತಾನೇ ಹಿಡಿಯುತ್ತಾಳೆ ಎಂದುಕೊಂಡೆ. ಆ ರಾತ್ರಿ ಖುಷಿಗೆ ನನಗೆ ಸರಿಯಾಗಿ ನಿದ್ದೆಯೂ ಬರಲಿಲ್ಲ.

ಮರುದಿನ ಹೊಸ ತ್ರಿಕೋನ ಕೊಟ್ಟೆ. ಕಣ್ಣು ಮಿಟುಕಿಸುವಷ್ಟರಲ್ಲಿ ಹಾಳೆ ತಂದಿಟ್ಟಳು: ನೂರ ಎಂಬತ್ತು. ಅವಳ ಬೆಂಚಿನ ಹತ್ತಿರ ಹೋಗಿ ನೋಡಿದರೆ ಕೋನಮಾಪಕ ಪೆಟ್ಟಿಗೆಯಿಂದ ಆಚೆಗೇ ಬಂದಿರಲಿಲ್ಲ.

“ಅಳೀಲಿಲ್ವೇನಮ್ಮ?” ಅಂತ ಕೇಳಿದೆ.

“ಯಾಕೆ ಮೇಡಂ? ಎಷ್ಟು ಬರಬೇಕು ಅಂತ ಸರ್ ಹೇಳಿದ್ದಾರಲ್ಲ.”

ಇವತ್ತಿಗೆ ಐದು ವಾರ. ಅವಳು ಕೈ ಎತ್ತಿಲ್ಲ, ಏನನ್ನೂ ಕೇಳಿಲ್ಲ. ಉತ್ತರಗಳು ಮಾತ್ರ ಎಲ್ಲವೂ ಸರಿ. ನಿಮ್ಮ ಪ್ರಕಾರ ಈಗವಳು ನಿಯಮ ತಲುಪಿದ್ದಾಳೆ, ಅಭಿನಂದನೆಗಳು.

ನನ್ನ ಮೇಲೆ ಏನು ಬೇಕಾದರೂ ಬರೆದುಕೊಳ್ಳಿ, ವರ್ಗ ಮಾಡಿ, ನನಗೆ ಚಿಂತೆಯಿಲ್ಲ. ಅವಳ ಬಗ್ಗೆ ಬರೆದ ಆ ಸಾಲನ್ನು ಹೊಡೆದುಹಾಕಿ. ಅಷ್ಟಕ್ಕೇ ಬಿಡುವುದಿಲ್ಲ. ಒಂದು ದಿನ ನಮೂನೆ, ಗಡಿಯಾರ ಎರಡನ್ನೂ ಕಚೇರಿಯಲ್ಲೇ ಬಿಟ್ಟು ಬಂದು ಅವಳ ಬೆಂಚಿನಲ್ಲಿ ಕೂತು, “ನಾನು ಅಳೆದು ನೋಡದೇ ಅಳಿಸಿಬಿಟ್ಟೆ, ನೀನೊಮ್ಮೆ ಅಳೆದು ತೋರಿಸಮ್ಮ” ಎಂದು ಕೇಳಿ. ಅವಳು ಪೆಟ್ಟಿಗೆ ತೆರೆಯುವವರೆಗೆ ಕಾಯಿರಿ. ಎಷ್ಟು ನಿಮಿಷವಾದರೂ ಸರಿ.

ಇಂತಿ,
ನೀವು ರಬ್ಬರ್ ಎತ್ತಿದಾಗ ಪಕ್ಕದಲ್ಲೇ ನಿಂತಿದ್ದೂ ಬಾಯಿ ಬಿಡದ,
ಏಳನೇ ತರಗತಿಯ ಗಣಿತದ ಟೀಚರ್